ಕೈ ಹಾಕುವ ಮೊದಲು

ಯಾರಾದರೂ ಏದುಸಿರು ಬಿಡುತ್ತ ಓಡಿಬಂದು, "ಕಾಕಾ, ನಮ್ಮ ಬೆಕ್ಕು ಸಾಯಲಿಕ್ಕೆ ಹತ್ತೇದ, ಲಗೂ ಬರ್ರಿ" ಎಂದರೆ ಅವರು ಚಪ್ಪಲಿ ಸಹ ಮೆಟ್ಟದೆ ಹೊರಡುತ್ತಿದ್ದರು. ಆದರೆ ಅಲ್ಲಿಗೆ ಹೋದಮೇಲೆ ಮೊದಲು ಮಾಡುತ್ತಿದ್ದ ಕೆಲಸವೆಂದರೆ ಕೂತುಬಿಡುವುದು. ಪ್ರಾಣಿಯಿಂದ ಒಂದು ಮಾರು ದೂರದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಸುಮ್ಮನೆ ನೋಡುವುದು. ಸುತ್ತ ನಿಂತವರಿಗೆ ಮೈ ಉರಿಯುತ್ತಿತ್ತು. ಇವರನ್ನು ಕರೆದದ್ದು ಔಷಧಕ್ಕೋ, ಹರಟೆಗೋ ಎಂದು ಮೊದಮೊದಲು ನಾನೂ ಗೊಣಗಿದ್ದುಂಟು. ಹೊಟ್ಟೆ ಹೇಗೆ ಏರಿಳಿಯುತ್ತದೆ, ಕಣ್ಣು ಯಾವ ಕಡೆ ಹೋಗುತ್ತದೆ, ಯಾರ ದನಿ ಕೇಳಿದರೆ ಬಾಲದ ತುದಿ ಅಲುಗುತ್ತದೆ, ಇದನ್ನೆಲ್ಲ ನೋಡಿ ಮುಗಿಯುವ ತನಕ ಅವರ ಕೈ ಮುಂದೆ ಬರುತ್ತಿರಲಿಲ್ಲ. "ಕೈಗಿಂತ ಮೊದಲ ಕಣ್ಣು ಹೋಗಬೇಕ್ರಿ ರಾಯರ" ಎಂದು ನನಗೆ ಹೇಳುತ್ತಿದ್ದರು.

ಕಳೆದ ವಾರ ಬಾಗಲಕೋಟೆಯಿಂದ ಅವರ ಅಳಿಯನ ಕಾರ್ಡು ಬಂತು. ಕಾಕಾ ತೀರಿಕೊಂಡರು, ಹೆಚ್ಚು ನರಳಲಿಲ್ಲ ಎಂದು ಎರಡೇ ಸಾಲು. ಓದಿ ಮುಗಿಸಿ ನನ್ನ ಹೆಂಡತಿಯ ಕೈಗೆ ಕೊಟ್ಟೆ. ಅವಳು ಓದಿ, ಒಲೆಯ ಮೇಲಿನ ಹಾಲು ಇಳಿಸಿ, ಹಿತ್ತಲ ಬಾಗಿಲಲ್ಲಿ ಹೋಗಿ ಕೂತಳು. ನಾನು ಅಲ್ಲಿಗೆ ಹೋಗಲಿಲ್ಲ. ಆ ಮನುಷ್ಯನ ವಿಷಯದಲ್ಲಿ ಅವಳ ದುಃಖ ಸ್ವಚ್ಛವಾದದ್ದು, ನನ್ನದು ಹಾಗಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಧಾರವಾಡದಿಂದ ಬಂದು ಪುಣೆಯ ಸರಕಾರಿ ಕಚೇರಿಯೊಂದರಲ್ಲಿ ಕಾರಕೂನನಾಗಿದ್ದ ಕಾಲ ಅದು. ಪೇಠೆಯ ಒಂದು ಹಳೆಯ ವಾಡೆಯಲ್ಲಿ ಎರಡು ಖೋಲಿ ಹಿಡಿದಿದ್ದೆವು. ನಡುವೆ ಅಂಗಳ, ಅಂಗಳದಲ್ಲಿ ಬಾವಿ, ಸುತ್ತ ಏಳೆಂಟು ಸಂಸಾರ. ದೊಡ್ಡ ಬಾಗಿಲಿನ ಪಕ್ಕದಲ್ಲಿ, ಒಂದು ಕಾಲಕ್ಕೆ ಕುದುರೆ ಕಟ್ಟುತ್ತಿದ್ದ ಖೋಲಿಯಲ್ಲಿ, ಕಾಕಾ ಒಬ್ಬರೇ ಇದ್ದರು. ಹೆಂಡತಿ ಹೋಗಿ ಬಹಳ ವರ್ಷಗಳಾಗಿದ್ದವು, ಒಬ್ಬಳೇ ಮಗಳನ್ನು ಬಾಗಲಕೋಟೆಗೆ ಕೊಟ್ಟಿದ್ದರು. ಕ್ಯಾಂಪಿನಲ್ಲಿದ್ದ ದಂಡಿನ ಕುದುರೆ ದವಾಖಾನೆಯಲ್ಲಿ ಡ್ರೆಸ್ಸರ್ ಆಗಿ, ಅಂದರೆ ಗಾಯ ತೊಳೆದು ಪಟ್ಟಿ ಕಟ್ಟುವವರಾಗಿ, ನೌಕರಿ ಮಾಡಿ ನಿವೃತ್ತರಾದವರು. ಮೊದಲ ಮಹಾಯುದ್ಧದಲ್ಲಿ ಕುದುರೆಗಳ ಜೊತೆ ಹಡಗಿನಲ್ಲಿ ಇರಾಕಿನ ಬಸರಾದವರೆಗೆ ಹೋಗಿಬಂದಿದ್ದರಂತೆ. ಏನು ನೋಡಿದಿರಿ ಎಂದು ಕೇಳಿದರೆ, "ಕುದುರಿ ನೋಡಿದೆ" ಎನ್ನುತ್ತಿದ್ದರು.

ಕುದುರೆಗಳೊಡನೆ ಅವರು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು, ನಾಯಿಗಳೊಡನೆ ಮರಾಠಿಯಲ್ಲಿ, ನಮ್ಮೊಡನೆ ಕನ್ನಡದಲ್ಲಿ. ಬೆಕ್ಕಿನೊಡನೆ ಮಾತೇ ಇಲ್ಲ. ಅದು ಯಾರ ಮಾತೂ ಕೇಳುವುದಿಲ್ಲ, ಸುಮ್ಮನೆ ಉಸಿರು ದಂಡ ಎಂಬುದು ಅವರ ಅನುಭವ. ಅವರ ಖೋಲಿಯ ಗೂಡಿನಲ್ಲಿ ಒಂದು ಬಿಸ್ಕೀಟಿನ ಡಬ್ಬಿ ಇತ್ತು. ಹಳೆಯ ಧೋತರ ಹರಿದು, ಕುದಿಸಿ ಒಣಗಿಸಿ ಸುತ್ತಿಟ್ಟ ಪಟ್ಟಿಗಳು, ಅಯೋಡಿನ್ ಶೀಸೆ, ಕತ್ತರಿ, ಬಾಗಿದ ಸೂಜಿ, ಇಷ್ಟೇ ಅದರ ಸಂಸಾರ. ಆ ಡಬ್ಬಿಯನ್ನು ವಾಡೆಯ ಯಾವ ಮಗುವೂ ಮುಟ್ಟುತ್ತಿರಲಿಲ್ಲ. ಹೆದರಿಕೆಯಿಂದಲ್ಲ, ಅದರಲ್ಲಿ ಬಿಸ್ಕೀಟು ಇಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ಪ್ರಾಣಿಗಿಂತ ಅದರ ಮಾಲಕರನ್ನು ಸಂಭಾಳಿಸುವುದು ಕಷ್ಟ ಎನ್ನುತ್ತಿದ್ದರು. ಅಳುವವರಿಗೆ ಮೊದಲು ಒಂದು ಕೆಲಸ ಹಚ್ಚುತ್ತಿದ್ದರು. ನೀರು ಕಾಯಿಸಿಕೊಂಡು ಬಾ, ಅರಿಶಿಣ ಅರೆದುಕೊಂಡು ಬಾ. ಬಂದ ಬಿಸಿನೀರು ಎಷ್ಟೋ ಸಲ ಹಾಗೇ ಆರಿಹೋಗುತ್ತಿತ್ತು. ವಾಡೆಯ ಮಾಲಕರ ತಾಯಿ ಸಾಕಿದ ಗಿಳಿಯನ್ನು ಒಂದು ದಿನ ಬೆಕ್ಕು ಹಿಡಿದು ಬಿಟ್ಟಿತು. ರೆಕ್ಕೆಯ ಬುಡದಲ್ಲಿ ರಕ್ತ. ಅಜ್ಜಿ ಗಂಗೋದಕ ಹಿಡಿದು, ಇನ್ನೇನು ಗಿಳಿಯ ಬಾಯಿಗೆ ಬಿಡಬೇಕು, ಕಾಕಾ ಅವರ ಕೈಯನ್ನು ಮೆಲ್ಲನೆ ಸರಿಸಿದರು. ಅರಿಶಿಣ ಒತ್ತಿ ರಕ್ತ ನಿಲ್ಲಿಸಿ, ಗಿಳಿಯನ್ನು ಬುಟ್ಟಿಯಲ್ಲಿಟ್ಟು, ಮೇಲೆ ಕರಿಯ ಬಟ್ಟೆ ಮುಚ್ಚಿದರು. "ಕತ್ತಲಿ ಬೇಕು ಅದಕ್ಕ. ಗಾಯಕ್ಕ ಸಾಯೂದಿಲ್ಲ ಅದು, ಅಂಜಿಕೀಗೆ ಸಾಯ್ತದ" ಎಂದು ನನಗೆ ಕನ್ನಡದಲ್ಲಿ ಹೇಳಿ, ಅಜ್ಜಿಗೆ ಮರಾಠಿಯಲ್ಲಿ ಹೇಳಿದ್ದು ಬೇರೆ: ಬುಟ್ಟಿಯ ಹತ್ತಿರ ಯಾರನ್ನೂ ಸುಳಿಯಗೊಡಬೇಡಿ, ಈ ಕೆಲಸ ನಿಮ್ಮಿಂದ ಮಾತ್ರ ಆಗುತ್ತದೆ. ಅಜ್ಜಿ ದೀಪ ಹಚ್ಚುವ ಹೊತ್ತಿನ ತನಕ ಅಲ್ಲಾಡದೆ ಕಾವಲು ಕೂತರು. ಗಿಳಿ ಬದುಕಿತು. ಅಜ್ಜಿ ಇಂದಿಗೂ ಅದನ್ನು ಬದುಕಿಸಿದ್ದು ತಾವೇ ಎಂದು ನಂಬಿರಬೇಕು.

ಅವರು ಸಿಟ್ಟಾದದ್ದನ್ನು ನಾನು ನೋಡಿದ್ದು ಒಮ್ಮೆ. ಹಿಂದಿನ ಮನೆಯವರು ಎಚ್ಚರ ತಪ್ಪಿ ಬಿದ್ದ ನಾಯಿಮರಿಯ ಬಾಯಿ ಬಿಡಿಸಿ ಹಾಲು ಹೊಯ್ದಿದ್ದರು. "ಎಚ್ಚರಿಲ್ಲದ ಬಾಯಾಗ ಹಾಲು ಹಾಕಿದ್ರ ಅದು ಹೊಟ್ಟಿಗೆ ಹೋಗೂದಿಲ್ಲ, ಉಸರಿನ ಚೀಲಕ್ಕ ಹೋಗ್ತದ! ಪ್ರೀತೀಲೆ ಕೊಂದ್ರಿ ಅದನ್ನ!" ಎಂದು ಗದರಿದವರು ಮರುಗಳಿಗೆಗೇ ನಾಚಿಕೊಂಡು, ಆ ಮನೆಯ ಹೆಂಗಸಿಗೆ ತಾವೇ ನೀರು ತಂದುಕೊಟ್ಟರು.

ಯಾರ ಪ್ರಾಣಿಯೇ ಇರಲಿ, ಅವರ ಪ್ರಶ್ನೆಗಳು ಮೂರು. ಏನು ತಿಂದಿದೆ, ನೀರು ಯಾವಾಗ ಕುಡಿದಿದೆ, ಯಾರು ಯಾರು ಮುಟ್ಟಿದ್ದೀರಿ. ಪ್ರತಿಯೊಂದನ್ನೂ ಎರಡು ಸಲ ಕೇಳುತ್ತಿದ್ದರು. ಮೊದಲ ಸಲ ಬಾಯಿ ಉತ್ತರ ಕೊಡುತ್ತದೆ, ಎರಡನೆಯ ಸಲ ನೆನಪು ಕೊಡುತ್ತದೆ ಎಂಬುದು ಅವರ ಲೆಕ್ಕ. ಈ ಪ್ರಶ್ನೆಗಳಲ್ಲಿ ಮೊದಲನೆಯದರ ಹಿಂದೆ ಒಂದು ಸಾವಿತ್ತು. ದವಾಖಾನೆಯಲ್ಲಿ ಅವರ ಜೊತೆಗಾರನೊಬ್ಬ, ದವಡೆ ಜೋತುಬಿದ್ದು ಜೊಲ್ಲು ಸುರಿಸುತ್ತಿದ್ದ ನಾಯಿಯೊಂದನ್ನು ನೋಡಿ ಗಂಟಲಲ್ಲಿ ಎಲುಬು ಸಿಕ್ಕಿದೆ ಎಂದುಕೊಂಡು ಕೈ ಹಾಕಿದನಂತೆ. ಎಲುಬು ಇರಲಿಲ್ಲ. ಹುಚ್ಚಿನಲ್ಲಿ ಅದೊಂದು ಬಗೆ. ನಾಯಿ ಬೊಗಳುವುದಿಲ್ಲ, ಬೆನ್ನಟ್ಟುವುದಿಲ್ಲ, ಬಾಯಿ ತೆರೆದುಕೊಂಡು ಪಾಪದ ಮುಖ ಮಾಡಿ ಕೂತಿರುತ್ತದೆ. ಆ ಜೊತೆಗಾರ ತಿಂಗಳೊಪ್ಪತ್ತಿನಲ್ಲಿ ನೀರು ಕಂಡರೆ ಬೆದರಿ ಸತ್ತ. "ಎಲುಬು ತಿಂದದ ಅಂತ ಮಾಲಕ ಬಾಯಿಬಿಟ್ಟು ಹೇಳಿದ್ರ ಕೈ ಹಾಕಬೇಕ್ರಿ. ಇಲ್ಲಾಂದ್ರ ನಾಯಿ ಕಟ್ಟಿಹಾಕಿ ದೂರ ನಿಂದರಬೇಕು" ಎಂದು ಅವರು ನನಗೆ ಹೇಳಿದ್ದರು.

ಇನ್ನು ಮೋತಿಯ ವಿಷಯ. ಮೋತಿ ನಮ್ಮ ನಾಯಿ, ಸರಿಯಾಗಿ ಹೇಳಬೇಕೆಂದರೆ ನನ್ನ ಹೆಂಡತಿಯ ನಾಯಿ. ಮದುವೆಯಾಗಿ ಪುಣೆಗೆ ಬಂದ ಹೊಸತರಲ್ಲಿ ಅವಳಿಗೆ ಮರಾಠಿ ಬಾರದು. ನಾನು ಕಚೇರಿಗೆ ಹೋದರೆ ಸಂಜೆಯ ತನಕ ತುಟಿ ಬಿಚ್ಚುವಂತಿಲ್ಲ. ಆಗ ಓಣಿಯಲ್ಲಿ ಸಿಕ್ಕ ಈ ಮರಿಯನ್ನು ತಂದುಕೊಂಡು ಅದರ ಜೊತೆ ಕನ್ನಡದಲ್ಲಿ ಮಾತಾಡತೊಡಗಿದಳು. ಪುಣೆಯಲ್ಲಿ ಕನ್ನಡ ಬಲ್ಲ ನಾಯಿ ಅದೊಂದೇ ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ನಮಗೆ ಮಕ್ಕಳಾಗಲಿಲ್ಲ. ಮೋತಿ ಹೇಗೆ ಮನೆಯ ತುಂಬ ಓಡಾಡುತ್ತಿತ್ತು ಎಂಬುದನ್ನು ಇದಕ್ಕಿಂತ ಹೆಚ್ಚು ಬರೆಯಲಾರೆ.

ವಾಡೆಯ ಮಾಲಕರು ಕಡು ಮಡಿವಂತರು. ಹಿಂದಿನ ವರ್ಷ ಒಬ್ಬ ಬಾಡಿಗೆದಾರನ ಖೋಲಿಯಲ್ಲಿ ಮೊಟ್ಟೆಯ ಚಿಪ್ಪು ಸಿಕ್ಕಿತೆಂದು ಸಂಜೆಯೊಳಗೆ ಅವನ ಹಾಸಿಗೆ ಓಣಿಗೆ ಬಿದ್ದಿತ್ತು. ನಾಯಿಯನ್ನು ಇಟ್ಟುಕೊಳ್ಳಲು ಅವರು ಒಪ್ಪಿದ್ದು ಒಂದೇ ಷರತ್ತಿನ ಮೇಲೆ, ಅನ್ನ ಹಾಲು ಬಿಟ್ಟು ಬೇರೆ ಏನನ್ನೂ ಅದು ತಿನ್ನಬಾರದು. ಬರಬರುತ್ತ ಅವರಿಗೇ ಅದರ ಮೇಲೆ ಹೆಮ್ಮೆ ಬಂತು. ಬಂದವರಿಗೆಲ್ಲ "ನಮ್ಮ ಮೋತಿ ಮಾಳಕರಿ" ಎಂದು ತೋರಿಸುತ್ತಿದ್ದರು, ಅಂದರೆ ತುಳಸಿಮಾಲೆ ಹಾಕಿಕೊಂಡು ಮಾಂಸ ಬಿಟ್ಟವನು. ಏಕಾದಶಿಯ ದಿನ ಅದಕ್ಕೆ ತಮ್ಮ ಮನೆಯಿಂದಲೇ ಸಾಬೂದಾಣಿ ಕಳಿಸುತ್ತಿದ್ದರು. ಅದು ನನ್ನ ಮುಖ ನೋಡಿ, ಸಾಬೂದಾಣಿ ನೋಡಿ, ಮತ್ತೆ ನನ್ನ ಮುಖ ನೋಡುತ್ತಿತ್ತು.

ಮರುಕ ಬಂದು ನಾನು ಮಾಡಿದ ತಪ್ಪು ಇಷ್ಟು. ಕ್ಯಾಂಪಿನಲ್ಲಿ ಗೋವೆಯ ಕಡೆಯ ಸಹೋದ್ಯೋಗಿಯೊಬ್ಬ ಇದ್ದ. ಭಾನುವಾರ ತಿರುಗಾಡುವ ನೆವ ಹೇಳಿ ಮೋತಿಯನ್ನು ಅವನ ಮನೆಗೆ ಕರೆದೊಯ್ಯುತ್ತಿದ್ದೆ. ಅವನ ಹೆಂಡತಿ ಅಡುಗೆಯಲ್ಲಿ ಉಳಿದ ಎಲುಬುಗಳನ್ನು ತೆಗೆದಿಟ್ಟಿರುತ್ತಿದ್ದಳು. ನಾನು ವರಾಂಡದಲ್ಲಿ ಬೆನ್ನು ತಿರುಗಿಸಿ ಕೂತು ಚಹಾ ಕುಡಿಯುತ್ತಿದ್ದೆ. ಬೆನ್ನು ತಿರುಗಿಸಿದರೆ ಪಾಪ ತಟ್ಟುವುದಿಲ್ಲ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡಿದ್ದೆ. ಎರಡನೆಯ ಭಾನುವಾರವೇ ನನ್ನ ಹೆಂಡತಿ ನಾಯಿಯ ಬಾಯಿ ಮೂಸಿ ನೋಡಿ, "ನಾ ಏನೂ ಕೇಳೂದಿಲ್ಲ, ನೀವು ಏನೂ ಹೇಳಬ್ಯಾಡ್ರಿ" ಎಂದಳು. ಅಲ್ಲಿಗೆ ಅದು ಇಬ್ಬರ ಗುಟ್ಟಾಯಿತು.

ಒಂದು ಸೋಮವಾರ ಬೆಳಿಗ್ಗೆ ಮೋತಿ ಮೆಟ್ಟಿಲ ಕೆಳಗಿನಿಂದ ಹೊರಗೆ ಬಂತು. ಕೆಳದವಡೆ ಜೋತುಬಿದ್ದಿತ್ತು. ಜೊಲ್ಲು ಎಳೆ ಎಳೆಯಾಗಿ ನೆಲಕ್ಕೆ ಇಳಿಯುತ್ತಿತ್ತು. ದನಿಯಿಲ್ಲ. ನನ್ನ ಹೆಂಡತಿ ಓಡಿಹೋಗಿ ತಬ್ಬಿಕೊಂಡಳು. ಬಾವಿಕಟ್ಟೆಯಲ್ಲಿ ನೀರು ಸೇದುತ್ತಿದ್ದ ಹೆಂಗಸರು ಕೊಡ ಬಿಟ್ಟು ಚೀರಿದರು. ಮಾಲಕರು ಪೂಜೆಯಿಂದ ಎದ್ದು ಬಂದು, ಹುಚ್ಚುನಾಯಿ, ಮುನಸಿಪಾಲಿಟಿಯವರಿಗೆ ಹೇಳಿಕಳಿಸಿ, ಹೊಡೆದುಹಾಕಲಿ ಎಂದು ಮರಾಠಿಯಲ್ಲಿ ಕೂಗಿದರು. ಒಬ್ಬರು ಹೊರಟೂ ಬಿಟ್ಟರು. ಅಷ್ಟರಲ್ಲಿ ಕಾಕಾ ತಮ್ಮ ಖೋಲಿಯಿಂದ ಬಂದರು. ನನ್ನ ಹೆಂಡತಿಯನ್ನು ದೂರ ಸರಿಸಿ, ಸಾಬೂನು ಹಚ್ಚಿ ಕೈ ತೊಳೆದುಕೊಳ್ಳಲು ಹೇಳಿದರು. ಮೋತಿಯನ್ನು ಕಂಬಕ್ಕೆ ಕಟ್ಟಿಸಿದರು. ಆಮೇಲೆ, ಎಂದಿನಂತೆ, ಕೂತರು.

ತೆರೆದ ಬಾಯೊಳಗೆ ಊದಿದ ನಾಲಿಗೆ, ಜೊಲ್ಲು, ಬೇರೇನೂ ಕಾಣುತ್ತಿರಲಿಲ್ಲ. ಅವರು ಬಹಳ ಹೊತ್ತು ನೋಡಿದರು. ಕೊನೆಗೆ ತಲೆಯೆತ್ತದೆ ಕೇಳಿದರು:

"ರಾಯರ, ನಿನ್ನೆ ಇದು ಏನ್ ತಿಂದದ?"

ಮಾಲಕರು ನನ್ನ ಪಕ್ಕದಲ್ಲೇ ನಿಂತಿದ್ದರು, ಒದ್ದೆ ಪಂಚೆಯಲ್ಲಿ, ಕೈಯಲ್ಲಿ ಪೂಜೆಯ ತಂಬಿಗೆ. ವಾಡೆಯೆಲ್ಲ ಸುತ್ತ ನಿಂತಿತ್ತು. ಕನ್ನಡದ ಮಾತು ಮಾಲಕರಿಗೆ ಅರ್ಧ ತಿಳಿಯುತ್ತಿತ್ತು, ಎಲುಬು ಎಂಬ ಮಾತಂತೂ ಖಂಡಿತ ತಿಳಿಯುತ್ತಿತ್ತು.

"ಅನ್ನ, ಹಾಲು" ಎಂದೆ.

ಕಾಕಾ ತಲೆಯೆತ್ತಿ ನನ್ನನ್ನು ನೋಡಿದರು. "ಇನ್ನೊಮ್ಮೆ ನೆನಪ ಮಾಡಿಕೊಂಡು ಹೇಳ್ರಿ. ಏನ್ ತಿಂದದ?"

ನನ್ನ ಉತ್ತರದಿಂದ ನಾಯಿ ಬದುಕಬಹುದು, ಇಲ್ಲವೆ ಸಾಯಬಹುದು ಎಂಬುದು ನನಗೆ ಸ್ಪಷ್ಟವಾಗಿ ತಿಳಿದಿತ್ತು. ಅದರ ಜೊಲ್ಲು ಮೆತ್ತಿದ ನನ್ನ ಹೆಂಡತಿಯ ಹೊಟ್ಟೆಗೆ ದಿನವೂ ಸೂಜಿ ಚುಚ್ಚಿಸಬೇಕಾದೀತು ಎಂಬುದೂ ತಿಳಿದಿತ್ತು. ನನ್ನ ಕಣ್ಣೆದುರು ಮಾತ್ರ ಓಣಿಗೆ ಬಿದ್ದ ಹಾಸಿಗೆ ಇತ್ತು.

"ಅನ್ನ, ಹಾಲು. ಬ್ಯಾರೆ ಏನಿಲ್ರಿ" ಎಂದೆ.

ಮಾಲಕರು ಹೌದೆಂದು ತಲೆಯಾಡಿಸಿದರು, ತಾವೇ ಸಾಕ್ಷಿ ಎಂಬಂತೆ. ಕಾಕಾ ಮತ್ತೆ ಬಾಯಿ ತೆರೆದರು. ಅಷ್ಟರಲ್ಲಿ ನನ್ನ ಹೆಂಡತಿ ಹೆಂಗಸರ ಗುಂಪಿನಿಂದ ಒಂದು ಹೆಜ್ಜೆ ಮುಂದೆ ಬಂದಳು. ನಾಯಿಯನ್ನು ಮುಟ್ಟಲು ಹೋಗುತ್ತಾಳೆ ಎಂದುಕೊಂಡು ನಾನು ಅವಳ ತೋಳು ಹಿಡಿಯಲು ತಿರುಗಿದೆ. ತಿರುಗಿ ನೋಡುವುದರೊಳಗೆ ಕಾಕಾ ಎದ್ದಾಗಿತ್ತು. ಹಲ್ಲುಗಳ ನಡುವೆ ಒಂದು ಲಟ್ಟಣಿಗೆಯನ್ನಾದರೂ ಅಡ್ಡ ಇಡದೆ ಯಾವ ನಾಯಿಯ ಬಾಯಿಗೂ ಬೆರಳು ತೋರದಿದ್ದ ಮನುಷ್ಯ, ಎಡಗೈಯಲ್ಲಿ ಮೋತಿಯ ಮೇಲ್ದವಡೆ ಹಿಡಿದು, ಬಲಗೈಯನ್ನು ಬರಿದಾಗಿಯೇ ಒಳಗೆ ಹಾಕಿಬಿಟ್ಟಿದ್ದರು.

ಏನೋ ಲಟಕ್ಕೆಂದಿತು. ಮೋತಿ ನೋವಿಗೆ ಒಮ್ಮೆ ಬಾಯಿ ಮುಚ್ಚಿತು, ಕಿರುಚಿತು, ಮತ್ತೆ ತೆರೆಯಿತು. ಅವರು ಕೈ ಹೊರಗೆ ತೆಗೆದರು. ಮುಷ್ಟಿ ಬಿಗಿಯಾಗಿತ್ತು, ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. ಮೋತಿ ದವಡೆ ಆಡಿಸಿ ನೋಡಿ, ನನ್ನ ಹೆಂಡತಿಯತ್ತ ಬಾಲ ಬಡಿದು, ಪಕ್ಕದ ಕೊಡದೊಳಗೆ ಮೂತಿ ಇಟ್ಟು ನೀರು ಕುಡಿಯಿತು. ಹುಚ್ಚಲ್ಲ ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

"ಏನದು?" ಎಂದು ಮಾಲಕರು ಕೇಳಿದರು.

"ಕಟ್ಟಿಗೆಯ ಚಕ್ಕೆ" ಎಂದು ಕಾಕಾ ಮರಾಠಿಯಲ್ಲಿ ಹೇಳಿದರು. "ಸೌದೆಯ ಹತ್ತಿರ ಆಡುತ್ತಿತ್ತಲ್ಲ, ಅಂಗುಳಕ್ಕೆ ಅಡ್ಡ ಸಿಕ್ಕಿತ್ತು." ಮುಷ್ಟಿ ಬಿಚ್ಚದೆಯೇ ದೊಡ್ಡ ಬಾಗಿಲು ದಾಟಿ ಹೋದರು. ಅಂದಿನಿಂದ ಮಾಲಕರು ಸೌದೆಯನ್ನು ಅಟ್ಟದ ಮೇಲೆ ಇಡಿಸತೊಡಗಿದರು, ಮಾಳಕರಿಗೆ ಮತ್ತೆ ತೊಂದರೆಯಾಗಬಾರದೆಂದು.

ಕ್ಷಮೆ ಕೇಳಲು ಅಂದು ಸಂಜೆ ಅವರ ಖೋಲಿಗೆ ಹೋದೆ. ಅವರು ಚಹಾ ಮಾಡಿಕೊಟ್ಟರು. ಕುಡಿದು ಬಂದೆ. ಮರುದಿನವೂ ಹೋದೆ, ಮರುದಿನವೂ ಚಹಾ ಕುಡಿದು ಬಂದೆ. ನಾಲ್ಕನೆಯ ದಿನ ಅವರ ತೋರುಬೆರಳು ಬಾತುಕೊಂಡಿತು. ಎಷ್ಟು ಅಯೋಡಿನ್ ಹಚ್ಚಿದರೂ ಕೀವು ನಿಲ್ಲಲಿಲ್ಲ. ಆಸ್ಪತ್ರೆಯಲ್ಲಿ ಕೊಯ್ದರು, ಬೆರಳು ಉಳಿಯಿತು, ಆದರೆ ಮತ್ತೆಂದೂ ಮಡಿಚಲಿಲ್ಲ. ಅವರು ಊಟದ ತುತ್ತು ಕಲಸಿದರೂ, ಬೀಗ ತೆಗೆದರೂ ಆ ಒಂದು ಬೆರಳು ನೆಟ್ಟಗೆ ಬೇರೆಲ್ಲೋ ತೋರಿಸುತ್ತಿತ್ತು. ನನಗೆ ಮಾತ್ರ ಅದು ಯಾವಾಗಲೂ ನನ್ನನ್ನೇ ತೋರಿಸುತ್ತಿದೆ ಎನಿಸುತ್ತಿತ್ತು. ಸೂಜಿ ಹಿಡಿಯುವುದು ಅವರಿಂದ ಇನ್ನು ಸಾಧ್ಯವಿರಲಿಲ್ಲ.

ಆಗ ನನ್ನ ಹೆಂಡತಿ ಯಾರನ್ನೂ ಕೇಳದೆ ಒಂದು ದಿನ ಆ ಬಿಸ್ಕೀಟಿನ ಡಬ್ಬಿ ಎತ್ತಿಕೊಂಡಳು. ಹಾಲಿನವನ ಎಮ್ಮೆಕರುವಿನ ಕಿವಿ ಹರಿದಿತ್ತು. ಕಾಕಾ ಕೂತು ನೋಡಿದರು, ಪ್ರಶ್ನೆ ಕೇಳಿದರು, ಇವಳು ಹೊಲಿದಳು. "ಸಣ್ಣ ಟಾಕಾ ತಂಗಿ, ಸಣ್ಣ ಟಾಕಾ. ಕುಬಸ ಹೊಲಿತಿ ಅಂತ ತಿಳಕೋ" ಎಂದು ಅವರು ಹೇಳುತ್ತಿದ್ದರು. ಅಲ್ಲಿಂದ ಮುಂದೆ ಆರೇಳು ವರ್ಷ ಹೀಗೇ ನಡೆಯಿತು. ಕಣ್ಣು ಅವರದು, ಕೈ ಇವಳದು, ಕಾಲು ಒತ್ತಿ ಹಿಡಿಯುವ ಕೆಲಸ ನನ್ನದು. ಒದೆತಗಳನ್ನು ನಾನು ಸಂತೋಷದಿಂದ ತಿಂದೆ. ಅವು ನನಗೆ ಸಲ್ಲಬೇಕಾದವು. ಮೋತಿ ಮುದಿಯಾಗಿ ತನ್ನ ಪಾಡಿಗೆ ಸತ್ತಿತು. ಆ ಸೋಮವಾರದ ಮಾತನ್ನು ನಮ್ಮ ಮೂವರಲ್ಲಿ ಯಾರೂ ಎತ್ತಲಿಲ್ಲ.

ಕಣ್ಣು ಮಂಜಾದಮೇಲೆ ಅವರು ಮಗಳ ಊರಿಗೆ ಹೊರಟರು. ಪುಣೆಯ ಸ್ಟೇಶನ್ನಿಗೆ ಬಿಡಲು ಇಬ್ಬರೂ ಹೋಗಿದ್ದೆವು. ಗಾಡಿ ಹೊರಡಲು ಇನ್ನೂ ಹೊತ್ತಿತ್ತು. ನನ್ನ ಹೆಂಡತಿ ಅವರ ತಂಬಿಗೆಗೆ ನೀರು ತುಂಬಿಸಿಕೊಂಡು ಬರಲು ನಳದ ಕಡೆ ಹೋದಳು. ಗಾಡಿಯ ಕಿಟಕಿಯಲ್ಲಿ ಅವರು, ಕೆಳಗೆ ನಾನು. ಈಗ ಕೇಳದಿದ್ದರೆ ಇನ್ನೆಂದೂ ಇಲ್ಲ ಎನಿಸಿತು.

"ಕಾಕಾ, ಅವತ್ತು ನಾ ಸುಳ್ಳು ಹೇಳಿದ್ದೆ."

"ಹೌದ್ರಿ" ಎಂದರು, ಹವೆಯ ಮಾತಾಡುವಂತೆ.

"ನಿಮಗ ಗೊತ್ತಿತ್ತೇನು ಎಲುಬು ಅದ ಅಂತ?"

"ಗೊತ್ತಿರಲಿಲ್ಲ. ಇರಬಹುದು ಅನಿಸ್ತು, ಅಷ್ಟ."

"ಬರೇ ಅನಿಸಿದ್ದಕ್ಕ ಕೈ ಹಾಕಿದ್ರೇನು? ಇನ್ನೊಂದು ಸಲ ಕೇಳಬೇಕಿತ್ತಲ್ಲ ನನ್ನ. ಯಾಕ ಕೇಳಲಿಲ್ಲ?"

ಅವರು ನಳದ ಕಡೆ ನೋಡಿದರು. ಅಲ್ಲಿ ನೂಕುನುಗ್ಗಲಿನಲ್ಲಿ ನನ್ನ ಹೆಂಡತಿ ತಂಬಿಗೆ ಹಿಡಿದು ತನ್ನ ಪಾಳಿಗಾಗಿ ನಿಂತಿದ್ದಳು.

"ಕೇಳಾವನ ಇದ್ದೆ ರಾಯರ. ಅಷ್ಟರಾಗ ತಂಗಿ ಮುಂದ ಬಂದ್ಲು. ಆಕಿ ಮಾರಿ ನೋಡಿದೆ, ಹೇಳೇ ಬಿಡ್ತಿದ್ಲು ಆಕಿ. ಅಷ್ಟು ಮಂದ್ಯಾಗ ಗಂಡನ್ನ ಸುಳ್ಳಗಾರನ್ನ ಮಾಡಿ, ಆಮ್ಯಾಲ ಅದ ಗಂಡಗ ಜೀವ ಇರೂತನಕ ತಾಟು ಬಡಿಸಬೇಕಿತ್ತು ಆಕಿ. ನಂದೇನರಿ, ಒಂದು ಬೆರಳು ಹೋತು."